ನೀವಿಲ್ಲದ ದಿನ ಬೀಗ ತೆಗೆಯೋರು ಯಾರು?

"ನಾಳೆ ಸೆಮಿನಾರ್‌ಗೆ ನೀನು ಬರ್ಬೇಡ ಕಣೇ" ಎಂದ ಅವನು ಫೋನಿನಲ್ಲಿ. "ನೀನು ಎದುರಿಗೆ ಕೂತ್ರೆ ನಂಗೆ ಮಾತು ತೊದಲುತ್ತೆ."

"ಯಾಕೆ, ನಾನೇನು ಕಚ್ತೀನಾ?"

"ಕಚ್ಚಲ್ಲ. ನೋಡ್ತೀಯ. ಅದೇ ಕಷ್ಟ."

ನಾನು ಚಿಕ್ಕಮ್ಮನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ಮಡಿಲ ತುಂಬ ಬಿಳಿ ಲೇಸು. ಸುತ್ತುತ್ತಿದ್ದವಳು ಸುತ್ತುವುದನ್ನೇ ಮರೆತು ನಾಚಿಕೊಂಡೆ. ಇಷ್ಟು ವರ್ಷ ಜೊತೆಗೆ ಓದಿ, ಜಗಳವಾಡಿ, ಒಂದೇ ಲೋಟದ ಕಾಫಿ ಹಂಚಿಕೊಂಡ ಮೇಲೂ ಇವನಿಗೆ ನನ್ನ ನೋಟ ತಡೆಯಲು ಆಗುವುದಿಲ್ಲವಂತೆ! ಇಂಥ ಮಾತಿನಲ್ಲಿ ಯಾವ ಹೆಣ್ಣು ತಾನೇ ಅನುಮಾನ ಹುಡುಕುತ್ತಾಳೆ? ನಾನಂತೂ ಹುಡುಕಲಿಲ್ಲ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

"ಏನೇ ಅದು, ಮುಖದಲ್ಲಿ ಅಷ್ಟೊಂದು ಲೈಟು?" ಒಳಗಿನಿಂದ ಚಿಕ್ಕಮ್ಮ ಕೂಗಿದರು. ಮಂಡಿ ಆಪರೇಷನ್ ಆದಮೇಲೆ ಅವರ ಕಾಲು ನಿಧಾನವಾಗಿತ್ತು, ಕಣ್ಣು ಮಾತ್ರ ಮೊದಲಿಗಿಂತ ಚುರುಕು. "ಕರೆಂಟ್ ಬಿಲ್ ಯಾರು ಕಟ್ತಾರೆ?"

"ನಾಳೆ ಯೂನಿವರ್ಸಿಟಿಗೆ ಹೋಗ್ತೀನಿ ಚಿಕ್ಕಮ್ಮ. ಅವನ ಸೆಮಿನಾರ್ ಇದೆ."

"ಕರೆದ್ನಾ?"

"ಬರ್ಬೇಡ ಅಂದ."

"ಬರ್ಬೇಡ ಅಂದ್ರೂ ಹೋಗ್ತೀಯ?"

"ಬರ್ಬೇಡ ಅಂದಿದ್ದಕ್ಕೇ ಹೋಗ್ತೀನಿ."

ಚಿಕ್ಕಮ್ಮ ಹಣೆ ಚಚ್ಚಿಕೊಂಡರು. "ನಿಮ್ಮಿಬ್ಬರ ಪ್ರೀತಿ ನಂಗಂತೂ ತಲೆಗೆ ಹತ್ತಲ್ಲ ತಾಯಿ. ಆ ನೀಲಿ ಡ್ರೆಸ್ ಹಾಕ್ಕೊಂಡು ಹೋಗು. ಕತ್ತಿನ ಹತ್ರ ಹೊಲಿಗೆ ಬಿಟ್ಟಿದೆ, ತಾ ಇಲ್ಲಿ."

ಅವನು ನನ್ನನ್ನು ಕರೆಯುವುದು ‘ಗುಂಡಿ’ ಎಂದು. ಗುಂಡಿ, ದಾರ, ಜಿಪ್ಪು, ಲೇಸು ಮಾರುವ ಅಂಗಡಿಯಲ್ಲಿ ಬೆಳೆದವಳು ನಾನು, ಅದಕ್ಕೆ. ನಾನು ಅವನನ್ನು ಕರೆಯುವುದು ‘ಮೇಷ್ಟ್ರು’ ಎಂದು. ಏನು ಹೇಳುವುದಿದ್ದರೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾನೆ, ಆಮೇಲೆ ಎದುರಿಗೆ ಬೋರ್ಡ್ ಇರುವವನ ಹಾಗೆ ಬೆರಳೆತ್ತುತ್ತಾನೆ. ಇಬ್ಬರೂ ಒಂದೇ ಬಿಸಿನೆಸ್ ಸ್ಕೂಲಿನಲ್ಲಿ, ಒಬ್ಬರೇ ಗೈಡ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿರುವವರು. ಸಣ್ಣ ಅಂಗಡಿ, ಸಣ್ಣ ವರ್ಕ್‌ಶಾಪುಗಳಲ್ಲಿ ಹೆಚ್ಚಿನವು ಯಾಕೆ ಸಣ್ಣದಾಗಿಯೇ ಉಳಿದುಬಿಡುತ್ತವೆ, ಕೆಲವು ಮಾತ್ರ ಹೇಗೆ ಬೆಳೆಯುತ್ತವೆ ಎನ್ನುವುದು ನಮ್ಮ ತಲೆನೋವು.

ಮೊದಲ ಭೇಟಿಯೇ ಜಗಳ. ಗೈಡ್ ಮೇಡಂ ರೂಮಿನಲ್ಲಿ ಅವನು ತನ್ನ ಸರ್ವೆಯ ಪ್ರಶ್ನೆಗಳನ್ನು ಗಂಭೀರವಾಗಿ ಓದುತ್ತಿದ್ದ. "ನಿಮ್ಮ ಕೆಲಸದವರನ್ನು ನೀವು ಎಷ್ಟು ನಂಬುತ್ತೀರಿ? ಒಂದರಿಂದ ಐದರೊಳಗೆ ಅಂಕ ಕೊಡಿ."

ನನಗೆ ಫಕ್ಕನೆ ನಗು ಬಂತು. ಆಗ ನಾನು ಹೊಸಬಳು, ಬಾಗಿಲ ಪಕ್ಕ ತೆಪ್ಪಗೆ ಕೂತಿರಬೇಕಾದವಳು.

ಅವನು ತಿರುಗಿ ನೋಡಿದ. "ಯಾಕ್ರೀ ನಗ್ತೀರಿ?"

"ನಮ್ಮ ಚಿಕ್ಕಮ್ಮನ್ನ ಕೇಳಿ. ಐದಕ್ಕೆ ಐದು ಕೊಡ್ತಾರೆ. ಬೇಕಾದ್ರೆ ಆರು ಕೊಡ್ತಾರೆ. ಆದ್ರೆ ಅಂಗಡಿ ಬೀಗದ ಕೈ ಮಾತ್ರ ಅವ್ರ ಸೊಂಟ ಬಿಟ್ಟು ಕದಲಲ್ಲ. ಜ್ವರ ಬಂದ್ರೆ ಅಂಗಡಿಗೇ ರಜಾ."

"ಹಾಗಾದ್ರೆ ಏನು ಕೇಳ್ಬೇಕಂತೆ?"

"ನೀವಿಲ್ಲದ ದಿನ ಬೀಗ ತೆಗೆಯೋರು ಯಾರು ಅಂತ ಕೇಳಿ. ನಂಬಿಕೆ ಎಷ್ಟಿದೆ ಅಂತ ಅದೇ ಹೇಳುತ್ತೆ."

ಮೇಡಂ ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. ಅವನು ಮೊದಲು ಕೆಂಪಾದ, ಆಮೇಲೆ ಕಣ್ಣಿನಲ್ಲೇ ನಕ್ಕ. ಎಡಗಣ್ಣು ಬಲಗಣ್ಣಿಗಿಂತ ಒಂದು ಚೂರು ಮೊದಲು ಕಿರಿದಾಗುತ್ತದೆ ಅವನಿಗೆ. ಅವತ್ತೇ ಅದನ್ನು ಗಮನಿಸಿದೆ. ಗಮನಿಸಬಾರದಿತ್ತು.

ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ದರ್ಜಿ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಬೇಕರಿ, ಮರಗೆಲಸದ ಶೆಡ್ಡು. ಕೇಳುವವಳು ನಾನು, ಬರೆದುಕೊಳ್ಳುವವನು ಅವನು. ಮರಗೆಲಸದ ಶೆಡ್ಡಿನಲ್ಲಿ ಅವನ ರೆಪ್ಪೆಯ ಮೇಲೆ ಹೊಟ್ಟು ಕೂತಿತ್ತು. "ಅಲ್ಲಾಡ್ಬೇಡ" ಎಂದು ನನ್ನ ದುಪಟ್ಟಾದ ತುದಿಯಿಂದ ಒರೆಸಿದೆ. ಒರೆಸಿ ಮುಗಿದ ಮೇಲೂ ಅವನು ಅಲ್ಲಾಡಲಿಲ್ಲ.

"ಆಯ್ತು, ಹೋಯ್ತು" ಎಂದೆ.

"ಇನ್ನೂ ಇದೆ ಅನ್ಸುತ್ತೆ."

"ಇಲ್ಲ."

"ಸರಿಯಾಗಿ ನೋಡು."

ನೋಡಿದೆ. ಹಲಗೆಗೆ ರಂದ ಹೊಡೆದು ನಯ ಮಾಡುತ್ತಿದ್ದ ಯಜಮಾನರು ಕೆಲಸ ನಿಲ್ಲಿಸಿ, "ನೀವಿಬ್ರೂ ಗಂಡ ಹೆಂಡ್ತಿನಾ?" ಎಂದು ಕೇಳಿಯೇಬಿಟ್ಟರು.

"ಇನ್ನೂ ಇಲ್ಲ" ಎಂದ ಇವನು, ತಲೆಯೆತ್ತದೆ ಬರೆದುಕೊಳ್ಳುತ್ತ.

ಆ ‘ಇನ್ನೂ’ ಎಂಬ ಒಂದು ಪದ ಹಿಡಿದುಕೊಂಡು ನಾನು ಎಷ್ಟು ಕಾಲ ಖುಷಿಯಾಗಿದ್ದೆ ಅಂತ ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಪಿಎಚ್‌ಡಿ ಮುಗಿಸಿ ಕೆಲಸ ಹುಡುಕುವಾಗ ಒಂದೇ ಒಂದು ಪೇಪರ್ ಹಿಡಿದುಕೊಂಡು ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ತಿರುಗಬೇಕು. ಆ ಪೇಪರಿನ ಮೇಲೆ ಒಂದೇ ಹೆಸರಿರಬೇಕು. ಎರಡು ಹೆಸರಿದ್ದರೆ, ‘ಇದರಲ್ಲಿ ನಿನ್ನ ತಲೆ ಎಷ್ಟು, ಅವಳ ತಲೆ ಎಷ್ಟು’ ಎಂದು ಕೇಳುತ್ತಾರೆ, ಇಬ್ಬರಿಗೂ ಕೆಲಸ ಸಿಗುವುದಿಲ್ಲ. ಪ್ರೀತಿಸಿದವರು ಒಟ್ಟಿಗೆ ಕೆಲಸ ಮಾಡಬಹುದು. ಕೆಲಸ ಹುಡುಕುವ ವರ್ಷ ಮಾತ್ರ ಪಾಲು ಮಾಡಿಕೊಳ್ಳಲೇಬೇಕು.

ನಾವೂ ಮಾಡಿಕೊಂಡೆವು, ಕ್ಯಾಂಟೀನಿನ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ, ನಗುನಗುತ್ತಲೇ. ಬೀಗದ ಪೇಪರ್ ನನ್ನದು. ಬೀಗದ ಕೈ ಬಿಟ್ಟುಕೊಡುವ ಯಜಮಾನರ ಅಂಗಡಿಯೇ ಬೆಳೆಯುತ್ತದೆ ಎನ್ನುವುದು ಅದರ ವಾದ. ಇನ್ನೊಂದು, ನಾವು ‘ಶಭಾಷ್ ಪೇಪರ್’ ಎಂದು ಕರೆಯುತ್ತಿದ್ದದ್ದು, ಅವನದು. ಯಜಮಾನ ದಿನಾ ಒಂದು ಒಳ್ಳೆ ಮಾತು ಹೇಳಿದರೆ ಕೆಲಸದವರು ಹೆಚ್ಚು ಕೆಲಸ ಮಾಡುತ್ತಾರೋ ಇಲ್ಲವೋ ಎಂಬುದು ಅದರ ವಿಷಯ. ಫಲಿತಾಂಶ ಚೆನ್ನಾಗಿ ಬಂದಿತ್ತು. ಅವನು ಆ ವಾರವೆಲ್ಲ ನನಗೂ ದಿನಾ ಒಂದು ಶಭಾಷ್ ಹೇಳಿದ. "ಶಭಾಷ್ ಗುಂಡಿ, ಇವತ್ತು ಕಾಫಿ ಚೆಲ್ಲಲಿಲ್ಲ."

ಆಮೇಲೆ ಚಿಕ್ಕಮ್ಮನ ಮಂಡಿ ಕೈಕೊಟ್ಟಿತು. ಅಪ್ಪ ಅಮ್ಮ ಇಲ್ಲದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರು. ಯೋಚನೆ ಮಾಡುವ ಪ್ರಶ್ನೆಯೇ ಇರಲಿಲ್ಲ. ಕೆಲಸ ಹುಡುಕುವುದನ್ನು ಮುಂದಿನ ವರ್ಷಕ್ಕೆ ದೂಡಿ, ಬ್ಯಾಗು ಹೆಗಲಿಗೇರಿಸಿ ಅಂಗಡಿಗೆ ಬಂದುಬಿಟ್ಟೆ.

ಅಲ್ಲೂ ಪೇಪರಿನ ಕೆಲಸ ಬಿಡಲಿಲ್ಲ. ಆಪರೇಷನ್ ದಿನ ನಾನು ಬರುವುದು ತಡವಾಗಿ, ಚಿಕ್ಕಮ್ಮ ಬೇರೆ ದಾರಿಯಿಲ್ಲದೆ ಬೀಗದ ಕೈಯನ್ನು ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನ ಕೈಗೆ ಕೊಟ್ಟಿದ್ದರು. "ಜೀವಾನೇ ಕೊಟ್ಟ ಹಾಗಾಯ್ತು ಕಣೇ" ಎಂದು ಆಸ್ಪತ್ರೆಯ ಮಂಚದ ಮೇಲೆ ಗೋಳಾಡಿದ್ದರು. ಆ ಅಕ್ಕ ಮಾಡಿದ್ದೇನು ಗೊತ್ತೇ? ಬೆಳಿಗ್ಗೆ ಬೇಗ ಶಟರ್ ಎತ್ತಿದಳು. ಶಾಲೆಗೆ ಮಕ್ಕಳನ್ನು ಬಿಟ್ಟು ಬರುವ ತಾಯಂದಿರು ಒಬ್ಬೊಬ್ಬರಾಗಿ ಅಂಗಡಿಗೆ ಬರತೊಡಗಿದರು. ನನಗೆ ಹೊಳೆಯಿತು. ಇಷ್ಟವಿಲ್ಲದೆ, ಕಾಯಿಲೆಯ ಕಾರಣಕ್ಕೆ ಬೀಗದ ಕೈ ಕೊಡಬೇಕಾಗಿ ಬಂದ ಯಜಮಾನರನ್ನು ಹುಡುಕಬೇಕು. ಮೊದಲು ಹೋಗಿದ್ದ ಅಂಗಡಿಗಳಿಗೆಲ್ಲ ಮತ್ತೆ ಹೋದೆ. ಸಿಕ್ಕಿದ್ದನ್ನೆಲ್ಲ ಸಂಜೆ ಫೋನಿನಲ್ಲಿ ಅವನಿಗೆ ಹೇಳಿದೆ, ಕಂಪ್ಯೂಟರಿನಲ್ಲಿ ಕಳಿಸಿದೆ. ಅವನು, "ನೀನು ದೇವತೆ ಕಣೇ ಗುಂಡಿ" ಎನ್ನುತ್ತಿದ್ದ. ಈಗ ಯೋಚಿಸಿದರೆ, ಆ ದಿನಗಳಲ್ಲಿ ಅವನು ತನ್ನ ಶಭಾಷ್ ಪೇಪರಿನ ಸುದ್ದಿ ಒಂದು ಸಲವೂ ಎತ್ತಲಿಲ್ಲ.

ಸೆಮಿನಾರ್ ಹಾಲಿಗೆ ಹಿಂದಿನ ಬಾಗಿಲಿನಿಂದ ನುಗ್ಗಿದೆ. ಕಂಬದ ಪಕ್ಕದ ಕುರ್ಚಿ ಹಿಡಿದು ಕೂತೆ. ಅವನು ಬೂದು ಬಣ್ಣದ ಕೋಟು ಹಾಕಿದ್ದ. ತೋಳು ಸ್ವಲ್ಪ ಉದ್ದವಾಗಿತ್ತು. ಮಡಚಿ ಹೊಲಿಯಬೇಕು ಅಂದುಕೊಂಡೆ. ಅಷ್ಟು ಮುದ್ದು ಬಂತು ನನಗೆ. ಮುಗಿದ ಮೇಲೆ ಎದುರಿಗೆ ಹೋಗಿ ನಿಂತು ಅವನ ಮುಖ ನೋಡಬೇಕು ಎಂದು ಕಾಯುತ್ತಿದ್ದೆ.

ಮೊದಲ ಸ್ಲೈಡ್ ಬಂತು.

‘ನೀವಿಲ್ಲದ ದಿನ ಬೀಗ ತೆಗೆಯೋರು ಯಾರು?’ ಕೆಳಗೆ ಅವನ ಹೆಸರು. ಅವನದೊಂದೇ.

ತಪ್ಪು ಸ್ಲೈಡ್ ಹಾಕಿದ್ದಾನೆ ಎಂದುಕೊಂಡೆ. ಪಾಪ, ಗಾಬರಿಯಲ್ಲಿ ನನ್ನದನ್ನು ತೆರೆದಿದ್ದಾನೆ, ಈಗ ನಾಲಿಗೆ ಕಚ್ಚಿಕೊಂಡು ಮುಚ್ಚುತ್ತಾನೆ. ಮುಚ್ಚಲಿಲ್ಲ. ಗಂಟಲು ಸರಿಮಾಡಿಕೊಂಡ, ಬೆರಳೆತ್ತಿದ, ಶುರುಮಾಡಿದ.

ಮಾತು ಎಲ್ಲಿಯೂ ತೊದಲಲಿಲ್ಲ.

"ಒಬ್ಬರು ಅಂಗಡಿ ಯಜಮಾನಿ ನನಗೆ ಗೊತ್ತು" ಎಂದ. "ನಂಬಿಕೆಗೆ ಐದರಲ್ಲಿ ಆರು ಅಂಕ ಕೊಡ್ತಾರೆ. ಬೀಗದ ಕೈ ಮಾತ್ರ ಸೊಂಟದಲ್ಲೇ ಇರುತ್ತೆ." ಹಾಲಿಗೆ ಹಾಲೇ ನಕ್ಕಿತು. ನನ್ನ ಚಿಕ್ಕಮ್ಮ, ನನ್ನ ಮಾತು, ನನ್ನ ಜೋಕು. ನನ್ನ ಕಿವಿ ಸುಟ್ಟುಹೋಗುವಷ್ಟು ಬಿಸಿಯಾಯಿತು. ಪಕ್ಕದಲ್ಲಿ ಕೂತವರು ನನ್ನತ್ತ ತಿರುಗಿ, "ಚೆನ್ನಾಗಿ ಮಾತಾಡ್ತಾರಲ್ವಾ?" ಎಂದರು. "ಹೌದು, ತುಂಬಾ ಚೆನ್ನಾಗಿ" ಎಂದೆ.

ಕೃತಜ್ಞತೆಯ ಸ್ಲೈಡಿನಲ್ಲಿ ನನ್ನ ಹೆಸರಿತ್ತು. ಸಣ್ಣ ಅಕ್ಷರದಲ್ಲಿ, ಲೈಬ್ರರಿ ಸಿಬ್ಬಂದಿಯ ಪಕ್ಕದಲ್ಲಿ, ‘ತಾಳ್ಮೆ ಮತ್ತು ಪ್ರೋತ್ಸಾಹಕ್ಕಾಗಿ’. ತಾಳ್ಮೆಯಂತೆ! ನನ್ನ ಮೂಗಿನ ತುದಿಯಲ್ಲಿ ಕೋಪ ಇರುವುದು ಊರಿಗೆಲ್ಲ ಗೊತ್ತು.

ಎದ್ದು ಹೋಗಬೇಕಿತ್ತು. ಅಷ್ಟರಲ್ಲಿ ಮೊದಲ ಸಾಲಿನಿಂದ ಕೈ ಎದ್ದಿತು. ಹೊರಗಿನಿಂದ ಬಂದಿದ್ದ, ಬೆಳ್ಳಗೆ ತಲೆ ನೆರೆತ ಪ್ರೊಫೆಸರ್. ಅವರ ಯೂನಿವರ್ಸಿಟಿಯಲ್ಲೇ ಇವನು ಕೆಲಸಕ್ಕೆ ಅರ್ಜಿ ಹಾಕಿದ್ದದ್ದು.

"ನನಗೊಂದು ಅನುಮಾನ" ಎಂದರು. "ಬೀಗದ ಕೈ ಕೊಟ್ಟಿದ್ದಕ್ಕೆ ಅಂಗಡಿ ಬೆಳೀತು ಅಂತೀರಿ. ಉಲ್ಟಾ ಇರಬಹುದಲ್ಲ? ಅಂಗಡಿ ಬೆಳೆದ ಮೇಲೆ ಯಜಮಾನನಿಗೆ ಒಬ್ಬನ ಕೈಲಿ ಆಗದೆ ಬೀಗದ ಕೈ ಕೊಟ್ಟಿರಬಹುದು. ಹಾಗಿದ್ರೆ ನಿಮ್ಮ ಪೇಪರಿನಲ್ಲಿ ಉಳಿಯೋದೇನು?"

ಅವನು ಗಂಟಲು ಸರಿಮಾಡಿಕೊಂಡ. ಇನ್ನೊಂದು ಸಲ ಸರಿಮಾಡಿಕೊಂಡ. ಕಾಯಿಲೆ ಬಿದ್ದ ಯಜಮಾನರ ಲೆಕ್ಕವೆಲ್ಲ ಅವನ ಹತ್ತಿರ ಇತ್ತು, ನಾನೇ ಕಳಿಸಿದ್ದೆ. ಆದರೆ ಅದನ್ನು ಯಾಕೆ ಹುಡುಕಿದೆ ಎಂದು ನಾನು ವಿವರಿಸಿದ ಸಂಜೆ ಅವನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದನೋ ಏನೋ. ಏನೇನೋ ತಡಬಡಾಯಿಸಿದ. ಪ್ರೊಫೆಸರ್ ತಲೆ ಅಡ್ಡಡ್ಡ ಆಡಿಸಿದರು. ಅವನ ಕಣ್ಣು ಹಾಲಿನ ತುಂಬ ಅಲೆದಾಡಿ, ಕಂಬದ ಪಕ್ಕ ಬಂದು ನಿಂತಿತು.

ನನ್ನನ್ನು ನೋಡಿದ.

ಗಾಬರಿಯಾಗಬೇಕಿತ್ತು ಅವನಿಗೆ. ನಾಚಿಕೆಯಾಗಬೇಕಿತ್ತು. ಆ ಮೊದಲ ಕ್ಷಣದಲ್ಲಿ ಅವೆರಡೂ ಕಾಣಲಿಲ್ಲ. ಅವನ ಮುಖ ಸಡಿಲವಾಯಿತು, ಎಡಗಣ್ಣು ಒಂದು ಚೂರು ಕಿರಿದಾಯಿತು. ಅಬ್ಬಾ, ಇದ್ದಾಳೆ, ಅಷ್ಟೇ. ನಾನಿದ್ದರೆ ಅವನಿಗೆ ಬಚಾವು ಎಂಬುದು ಅವನ ಮೈಗೇ ಅಭ್ಯಾಸವಾಗಿತ್ತು. ಗಾಬರಿ ಬಂದಿದ್ದು ಆಮೇಲೆ.

ಸುಮ್ಮನೆ ಕೂರಬಹುದಿತ್ತು. ಅವನು ಅಲ್ಲೇ ಮುಳುಗುತ್ತಿದ್ದ. ಆದರೆ ಜೊತೆಗೆ ನನ್ನ ಪೇಪರೂ ಮುಳುಗುತ್ತಿತ್ತು. ಅದರಲ್ಲಿ ‘ಉಳಿಯೋದೇನು’ ಎಂದು ನನ್ನ ಕಣ್ಣೆದುರಿಗೇ ಕೇಳಿದರೆ ಕೈಕಟ್ಟಿ ಕೂರಲು ಆಗಲಿಲ್ಲ.

"ಸರ್, ನಾನು ಹೇಳ್ಬಹುದಾ?"

ಎದ್ದು ನಿಂತು ಹೇಳಿದೆ. ಕೊಡಬೇಕೆಂದು ಕೊಟ್ಟವರನ್ನು ಬಿಡಿ, ಕಾಯಿಲೆ ಬಿದ್ದು ವಿಧಿಯಿಲ್ಲದೆ ಕೊಟ್ಟವರನ್ನು ಮಾತ್ರ ನೋಡಿ. ಅವರ ಅಂಗಡಿ ಬೆಳೆದಿರಲಿಲ್ಲ, ಬೆಳೆಯುವ ಯೋಚನೆಯೂ ಇರಲಿಲ್ಲ. ಬೀಗದ ಕೈ ಹೋದ ಮೇಲೆ ಬೆಳೆಯಿತು. ವಾಸಿಯಾಗಿ ಬಂದು ಬೀಗದ ಕೈ ವಾಪಸ್ ಕಿತ್ತುಕೊಂಡವರ ಅಂಗಡಿ ಮತ್ತೆ ಮೊದಲಿನ ಹಾಗಾಯಿತು. ಬಿಟ್ಟುಕೊಟ್ಟವರದು ಬೆಳೆಯುತ್ತಲೇ ಇದೆ.

ಪ್ರೊಫೆಸರ್ ಪೂರ್ತಿ ತಿರುಗಿ ಕೂತರು. "ಭೇಷ್! ಇದು ಉತ್ತರ. ತಾವು ಯಾರಮ್ಮ?"

ನಾನು ಅವನನ್ನು ನೋಡಿದೆ. ಈಗ ಹೇಳುತ್ತಾನೆ. ಒಂದು ಮಾತು ಸಾಕು. ಇದು ಅವಳದು, ಅಥವಾ ನಮ್ಮಿಬ್ಬರದು ಅಂದರೂ ಸಾಕು, ಎಲ್ಲ ಮರೆತುಬಿಡುತ್ತೇನೆ. ನಿಜವಾಗಿಯೂ ಹಾಗೆ ಅಂದುಕೊಂಡೆ. ಅಷ್ಟು ಅಗ್ಗಕ್ಕೆ ಸಿಗುತ್ತಿದ್ದೆ ನಾನು ಆ ಹೊತ್ತಿಗೆ.

"ಅವ್ರು ನಮ್ಮ ಡಿಪಾರ್ಟ್‌ಮೆಂಟಿನವ್ರೇ ಸರ್" ಎಂದ ಅವನು. "ಡೇಟಾ ಕಲೆಕ್ಷನ್‌ಗೆ ಸಹಾಯ ಮಾಡಿದ್ದಾರೆ."

ಟೀ ರೂಮಿನಲ್ಲಿ ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡರು. ಎಂದೂ ಹಾಗೆ ಮಾಡುವವರಲ್ಲ.

"ನಿಮ್ಮಷ್ಟು ದೊಡ್ಡ ಮನಸ್ಸು ಎಲ್ರಿಗೂ ಇರಲ್ಲ ಬಿಡಿ. ನಾನಾಗಿದ್ರೆ ನನ್ನ ಪೇಪರ್ ಗಂಡನಿಗೂ ಬಿಟ್ಟುಕೊಡ್ತಿರ್ಲಿಲ್ಲ."

"ಏನು ಮೇಡಂ?"

"ಅವ್ರು ಎಲ್ಲಾ ಹೇಳಿದ್ರು. ನೀವೇ ಒತ್ತಾಯ ಮಾಡಿ ಕೊಟ್ರಂತೆ. ಒಂದೇ ಮನೆ ಆಗೋದು ತಾನೇ, ಯಾರ ಹೆಸರಲ್ಲಿದ್ರೇನು ಅಂದ್ರಂತೆ." ಅವರು ದನಿ ತಗ್ಗಿಸಿ ನಕ್ಕರು. "ಮದುವೆ ಯಾವಾಗ ಇಟ್ಕೊಂಡಿದ್ದೀರಿ? ಡಿಪಾರ್ಟ್‌ಮೆಂಟಿನಲ್ಲಿ ಎಲ್ರೂ ಕೇಳ್ತಿದ್ದಾರೆ."

ಮದುವೆಯ ಸುದ್ದಿ ಎಲ್ಲರಿಗೂ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ. ಮರಗೆಲಸದ ಶೆಡ್ಡಿನಿಂದ ಇವತ್ತಿನವರೆಗೆ ನಾನು ಕಾದದ್ದು ಆ ಒಂದು ಮಾತಿಗೆ. ಅದನ್ನು ಅವನು ಮೊದಲು ಹೇಳಿದ್ದು ಮೇಡಂ ಹತ್ತಿರ, ಪೇಪರ್ ಕೈಗೆ ಬರಲಿ ಎಂದು.

"ಮೇಡಂ" ಎಂದೆ, "ಅವರನ್ನೇ ಕೇಳ್ಕೊಂಡು ಬರ್ತೀನಿ."

ಮೆಟ್ಟಿಲ ತಿರುವಿನಲ್ಲಿ ನಿಂತಿದ್ದ. ಕೋಟು ತೆಗೆದು ತೋಳಿನ ಮೇಲೆ ಹಾಕಿಕೊಂಡಿದ್ದ. ಅಂಗಿಯ ಬೆನ್ನು ಬೆವತಿತ್ತು.

"ಗುಂಡಿ, ಒಂದ್ನಿಮಿಷ ನನ್ನ ಮಾತು ಕೇಳು."

"ಗುಂಡಿ ಗಿಂಡಿ ಅಂದ್ರೆ ಕೆನ್ನೆಗೆ ಬೀಳುತ್ತೆ. ಹೇಳು."

"ಶಭಾಷ್ ಪೇಪರ್ ಸತ್ತೋಯ್ತು" ಎಂದ. "ಇನ್ನಷ್ಟು ಅಂಗಡಿ ಸೇರಿಸಿ ನೋಡು ಅಂದ್ರು ಮೇಡಂ. ಸೇರಿಸ್ದೆ. ಫಲಿತಾಂಶ ಮಾಯ. ಏನೂ ಇಲ್ಲ, ಸೊನ್ನೆ. ಅರ್ಜಿ ಹಾಕೋ ದಿನ ಹತ್ರ ಬಂತು, ಕೈಲಿ ಏನೂ ಇಲ್ಲ. ನೀನು ಹೇಗೂ ಮುಂದಿನ ವರ್ಷ..."

"ನನಗೆ ಒಂದು ಫೋನ್ ಮಾಡೋಕೆ ಏನಾಗಿತ್ತು? ದಿನಾ ಸಂಜೆ ಮಾತಾಡ್ತಿದ್ವಲ್ಲ?"

"ಧೈರ್ಯ ಬರ್ಲಿಲ್ಲ. ನೀನು ಕೊಡಲ್ಲ ಅಂದಿದ್ರೆ?"

"ಕೊಟ್ಬಿಡ್ತಿದ್ನೋ ಏನೋ. ಅಷ್ಟು ಹುಚ್ಚಿ ನಾನು. ಕೇಳ್ಬೇಕಿತ್ತಪ್ಪ ನೀನು. ಕೇಳೋಕೂ ಆಗ್ಲಿಲ್ವಾ?"

ಅವನು ಗೋಡೆಗೆ ಒರಗಿದ. "ನಮ್ಮಿಬ್ಬರಿಗೋಸ್ಕರ ತಾನೇ ಮಾಡಿದ್ದು? ನಂಗೆ ಕೆಲಸ ಸಿಕ್ಕಿದ್ರೆ ಮುಂದಿನ ವರ್ಷ ನಿನ್ನೂ ಅಲ್ಲಿಗೇ ಕರ್ಕೊಬಹುದು. ಹೆಂಡ್ತಿ ಅಂದ್ರೆ ಅವ್ರೂ ಯೋಚ್ನೆ ಮಾಡ್ತಾರೆ."

"ಹೆಂಡ್ತಿ! ಯಾರ ಹೆಂಡ್ತಿ? ಯಾವತ್ತು ಕೇಳ್ದೆ ನನ್ನ?"

"ಈಗ ಕೇಳ್ತಿದ್ದೀನಿ." ಒಂದು ಮೆಟ್ಟಿಲು ಹತ್ತಿ ನನ್ನ ಎದುರಿಗೆ ಬಂದ. ಕಣ್ಣು ತುಂಬಿತ್ತು. ಸುಳ್ಳು ನೀರಲ್ಲ ಅದು, ನನಗೆ ಗೊತ್ತು. "ಮದುವೆ ಆಗೋಣ. ನಿನ್ನ ಬಿಟ್ರೆ ನಂಗೆ ಯಾರೂ ಇಲ್ಲ. ನಿಜವಾಗ್ಲೂ ನಿನ್ನ ಇಷ್ಟಪಡ್ತೀನಿ ಕಣೇ."

ಇಷ್ಟಪಡುತ್ತಾನೆ. ಅದೇ ಸಂಕಟ. ಪ್ರೀತಿ ಇಲ್ಲದವನು ಹೀಗೆ ಮಾಡಿದ್ದರೆ ಬೈದು, ಕೈತೊಳೆದುಕೊಂಡು ಹೋಗುತ್ತಿದ್ದೆ. ಇವನು ಪ್ರೀತಿಸುತ್ತಲೇ ನನ್ನನ್ನು ಮಂಗ ಮಾಡಿದ್ದ. ನನ್ನ ಕೈ ತಾನಾಗಿ ಎದ್ದು ಅವನ ಕಣ್ಣೊರೆಸಲು ಹೋಯಿತು. ಅರ್ಧ ದಾರಿಯಲ್ಲಿ ತಡೆದು, ಮೆಟ್ಟಿಲ ಕಂಬಿ ಹಿಡಿದುಕೊಂಡೆ.

"ಹಾಗಾದ್ರೆ ಒಳಗೆ ಹೋಗಿ ಹೇಳು" ಎಂದೆ. "ಮೇಡಂಗೂ, ಆ ಪ್ರೊಫೆಸರ್‌ಗೂ. ಪೇಪರ್ ಅವಳದು, ಅವಳನ್ನ ಕೇಳ್ದೆ ತಗೊಂಡೆ ಅಂತ."

"ಇವತ್ತೇನಾ?"

"ಇವತ್ತೇ."

"ಆಫರ್ ಬಂದ ಮೇಲೆ ಸರಿಮಾಡೋಣ. ನಿನ್ನ ಹೆಸರು ಸೇರಿಸ್ತೀನಿ, ಮೊದಲು ನಿಂದೇ ಹಾಕ್ತೀನಿ. ಈಗ ಹೇಳಿದ್ರೆ ನನ್ನ ವರ್ಷ ಹೋಗುತ್ತೆ. ವರ್ಷ ಯಾಕೆ, ಹೆಸರೇ ಹೋಗುತ್ತೆ."

"ನಂದು ಹೋಯ್ತಲ್ಲ, ಅದು?"

ಅವನು ಕೋಟನ್ನು ಈ ತೋಳಿನಿಂದ ಆ ತೋಳಿಗೆ ಹಾಕಿಕೊಂಡ. ಟೀ ರೂಮಿನಿಂದ ನಗು ಕೇಳಿಸುತ್ತಿತ್ತು. ಯಾರೋ ಚಮಚದಿಂದ ಸಕ್ಕರೆ ಕಲಕುತ್ತಿದ್ದರು.

"ನೀನು ಹೇಳ್ದಿದ್ರೆ ನಾನೇ ಹೇಳ್ತೀನಿ" ಎಂದೆ. "ಅದು ನಿಂಗೂ ಗೊತ್ತು. ಆದ್ರೆ ನೀನು ಹೇಳ್ಬೇಕು ಅಂತ ಆಸೆ ನಂಗೆ. ಇನ್ನೂ ಆಸೆ ಇದೆ, ನೋಡು, ನಾಚಿಕೆ ಇಲ್ಲದೋಳು."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕೋಟು ಹಾಕಿಕೊಂಡ, ಕಾಲರ್ ಸರಿಮಾಡಿಕೊಂಡ, ಮೆಟ್ಟಿಲು ಹತ್ತಿದ.

ನಾನು ಬಾಗಿಲ ಹತ್ತಿರ ನಿಂತೆ. ಅವನು ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ, ಬೆರಳೂ ಎತ್ತಲಿಲ್ಲ.

"ಮೇಡಂ, ಆ ಪೇಪರ್ ನನ್ನದಲ್ಲ. ಅದು ಪೂರ್ತಿ ಅವಳ ಕೆಲಸ. ಅವಳು ನಂಗೆ ಕೊಟ್ಟಿಲ್ಲ, ನಾನೇ ತಗೊಂಡೆ. ನಿಮಗೆ ಹೇಳಿದ್ದು ಸುಳ್ಳು."

ಸಕ್ಕರೆ ಕಲಕುತ್ತಿದ್ದವರು ನಿಲ್ಲಿಸಿದರು. ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಮದುವೆ?" ಎಂದರು. ಅವನು, "ಅದನ್ನೂ ಅವಳನ್ನ ಕೇಳಿರ್ಲಿಲ್ಲ" ಎಂದ. ಪ್ರೊಫೆಸರ್ ತಮ್ಮ ಕಪ್ಪನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟರು. "ನಾಳೆ ಬೆಳಿಗ್ಗೆ ಇಬ್ರೂ ನನ್ನ ರೂಮಿಗೆ ಬನ್ನಿ" ಎಂದರು ಮೇಡಂ. ಪೇಪರ್ ನನಗೆ ವಾಪಸ್ ಬಂದಿತ್ತು. ಅವನ ವರ್ಷ ಮುಗಿದಿತ್ತು.

ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಮುದುಡಿದ ಅವನ ಬೆನ್ನು ನೋಡಿ ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು.

ಹೊರಗೆ ಬಸ್ ಸ್ಟಾಪಿನವರೆಗೆ ಜೊತೆಗೇ ನಡೆದೆವು. ಸಂಜೆ ಬಿಸಿಲು. ರಸ್ತೆ ತುಂಬ ಕ್ಲಾಸು ಮುಗಿಸಿ ಹೊರಟ ಹುಡುಗ ಹುಡುಗಿಯರು. ನಮ್ಮ ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟುಕೊಂಡಿದ್ದೆವು. ಮೊದಲೆಲ್ಲ ಅದೇ ರಸ್ತೆಯಲ್ಲಿ ಅವನ ಮೊಣಕೈ ನನಗೆ ತಾಗುತ್ತಲೇ ಇರುತ್ತಿತ್ತು.

"ಹೇಳ್ಬಿಟ್ಟೆ" ಎಂದ.

"ಕೇಳಿಸ್ತು."

"ಎದೆ ಹಗುರ ಆಯ್ತು ಕಣೇ. ಎಷ್ಟು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಗೊತ್ತಾ?"

"ಮುಖ ನೋಡಿದ್ರೆ ಗೊತ್ತಾಗುತ್ತೆ. ಹೋಗಿ ಊಟ ಮಾಡಿ ಮಲಗು."

"ಈಗ ಕೇಳ್ಬಹುದಾ?" ಅವನು ನಿಂತ. ಎರಡು ಕಣ್ಣೂ ನನ್ನ ಮೇಲೆ. "ಈಗ ನಮ್ಮ ಮಧ್ಯೆ ಏನೂ ಬಚ್ಚಿಟ್ಟಿಲ್ಲ. ಈಗ ಮದುವೆ ಆಗ್ತೀಯಾ?"

ಹೂಂ ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಎಷ್ಟು ಸುಲಭ ಇತ್ತು ಅಂತೀರಿ! ಅವನು ಸೋತಿದ್ದ, ತಪ್ಪೊಪ್ಪಿಕೊಂಡಿದ್ದ, ನನಗಾಗಿ ಇದ್ದದ್ದನ್ನೆಲ್ಲ ಕಳೆದುಕೊಂಡಿದ್ದ. ಇನ್ನೇನು ಬೇಕು ಒಬ್ಬ ಹೆಂಗಸಿಗೆ? ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದರೆ ಅಂಗಡಿಯಲ್ಲೇ ಕುಣಿದಾಡುತ್ತಿದ್ದರು, ಮಂಡಿ ನೋವನ್ನೂ ಮರೆತು.

"ಒಂದು ಕೇಳ್ತೀನಿ" ಎಂದೆ. "ಸುಳ್ಳು ಹೇಳ್ಬೇಡ. ಇವತ್ತು ನಾನು ನಿನ್ನ ಮಾತು ಕೇಳಿ ಮನೇಲೇ ಇದ್ದಿದ್ರೆ, ಸೆಮಿನಾರ್‌ಗೆ ಬರದೇ ಇದ್ದಿದ್ರೆ, ಯಾವತ್ತಾದ್ರೂ ನೀನಾಗೇ ಹೇಳ್ತಿದ್ಯಾ?"

ಅವನು ತಕ್ಷಣ ‘ಹೇಳ್ತಿದ್ದೆ’ ಅನ್ನುತ್ತಾನೆ ಎಂದುಕೊಂಡಿದ್ದೆ. ಅಂದಿದ್ದರೆ ನಂಬಿಬಿಡುತ್ತಿದ್ದೆ, ನಂಬಲು ತುದಿಗಾಲಲ್ಲಿ ನಿಂತಿದ್ದೆ. ಅವನು ನನ್ನನ್ನು ನೋಡಿದ. ರಸ್ತೆಯ ಆ ಬದಿ ನೋಡಿದ. ಮುಖವೆಲ್ಲ ಕಿವುಚಿದ ಹಾಗಾಯಿತು.

"ಇಲ್ಲ" ಎಂದ.

ಅಷ್ಟು ಜನರ ಎದುರಿಗೆ ಹೇಳಿದ ನಿಜಕ್ಕಿಂತ ಇದು ಅವನಿಗೆ ಕಷ್ಟವಾಗಿತ್ತು. ಗೊತ್ತಾಗುತ್ತಿತ್ತು. ಅವನನ್ನು ಎಷ್ಟೋ ವರ್ಷಗಳಿಂದ ಪ್ರೀತಿಸಿದ್ದೇನೆ, ಆದರೆ ಆ ‘ಇಲ್ಲ’ ಹೇಳಿದ ಕ್ಷಣದಲ್ಲಿ ಪ್ರೀತಿಸಿದಷ್ಟು ಯಾವತ್ತೂ ಪ್ರೀತಿಸಿರಲಿಲ್ಲ. ಮತ್ತು ಇವನ ಜೊತೆ ಬಾಳಲು ನನ್ನ ಕೈಲಿ ಆಗುವುದಿಲ್ಲ ಎಂದು ತಿಳಿದದ್ದೂ ಆಗಲೇ.

"ಥ್ಯಾಂಕ್ಸ್" ಎಂದೆ.

"ಹಾಗಂದ್ರೆ ಆಗಲ್ಲ ಅಂತನಾ?"

"ಆಗಲ್ಲ ಮೇಷ್ಟ್ರೇ."

ಅವನು ತಲೆ ತಗ್ಗಿಸಿದ. ಕೋಟಿನ ಆ ಉದ್ದ ತೋಳಿನಿಂದ ಬೆರಳುಗಳು ಅರ್ಧ ಮಾತ್ರ ಕಾಣುತ್ತಿದ್ದವು. ಬಸ್ಸು ಬಂತು. ಹತ್ತಿ, ಅವನು ನಿಂತಿದ್ದ ಕಡೆಯ ಕಿಟಕಿ ಸೀಟು ಬಿಟ್ಟು ಆಚೆ ಬದಿಯಲ್ಲಿ ಕೂತೆ, ತಿರುಗಿ ನೋಡಿದರೆ ಇಳಿದುಬಿಡುತ್ತೇನೆ ಎಂದು ಹೆದರಿ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರು. ಪರ್ಸಿನಲ್ಲಿ ತಲೆ ತಗ್ಗಿಸಿ ಚಿಲ್ಲರೆ ಹುಡುಕುತ್ತಲೇ ಇದ್ದೆ. ಅವರು ಮತ್ತೊಮ್ಮೆ ಕೇಳಲಿಲ್ಲ, ಮುಂದಿನ ಸೀಟಿನವರಿಗೆ ಟಿಕೆಟ್ ಕೊಟ್ಟು ಬರುತ್ತೇನೆ ಎಂದು ಕೈಸನ್ನೆ ಮಾಡಿ ಹೋದರು.